ಟೇಲರ್ ಮಂಜಿಲೂ ಬೋನಾಳದ ಕೆರೆಯೂ

ಗೋಗಿ, ಶಹಾಪುರ ತಾಲ್ಲೂಕು



ಮಗನ ಮನೆಗೆಂದು ಇಂಗ್ಲೆಂಡಿಗೆ ಹೋದವರು ಅಲ್ಲಿನ ಜಮೀನ್ದಾರರ ಹಳೇ ಬಂಗಲೆಗಳನ್ನೇ ಸುತ್ತಿ ಬಂದಿದ್ದೀರಿ. ಫೋಟೋ ನೋಡಿದೆ. ಹುಲ್ಲುಹಾಸು, ಗುಲಾಬಿ ತೋಟ, ಹೊರಗೆ ಬರುವಾಗ ಚಹಾದ ಅಂಗಡಿ. ವ್ಯವಸ್ಥೆ ಅಂದರೆ ಅದು. ‘ನಮ್ಮ ಸೀಮೆಯಾಗ ಇಂಥದ್ದು ಐತೇನ್ರಿ?’ ಅಂತ ಕೇಳಿದ್ದೀರಿ.

ಐತಿ, ಸುರಪುರದಾಗ. ಗುಡ್ಡದ ಮೇಲಿನ ಟೇಲರ್ ಮಂಜಿಲ್.

ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವ, ಹುಡುಗನಿದ್ದಾಗಲೇ ಇಲ್ಲಿಗೆ ಬಂದು ನಿಜಾಮನ ಚಾಕರಿಗೆ ಸೇರಿದವ. ಠಕ್ಕರ ಕಥೆ ಬರೆದು 1839ರಲ್ಲೇ ಅವನ ಊರಿನವರನ್ನು ಬೆಚ್ಚಿಬೀಳಿಸಿದ್ದ. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದಾಗ ಬೇಡರ ದೊರೆತನ ಕಷ್ಟದಲ್ಲಿತ್ತು. ದೊರೆಯ ಮಗ ವೆಂಕಟಪ್ಪ ನಾಯಕ ಇನ್ನೂ ಕೂಸು, ರಾಣಿ ಈಶ್ವರಮ್ಮನದು ಬಿಗಿ ಸ್ವಭಾವ. 1853ರ ತನಕ ಟೇಲರ್ ಅಲ್ಲಿ ಆಡಳಿತ ನೋಡಿಕೊಂಡ. ಬಾಲರಾಜ ಅವನನ್ನು ‘ಅಪ್ಪಾ’ ಅಂತಲೇ ಕರೆಯುತ್ತಿದ್ದ.

ನೀವು ನೋಡಿದ ಬಂಗಲೆಗಳಿಗೂ ಇದಕ್ಕೂ ಇರುವ ಫರಕು ಇಲ್ಲೇ. ಅಲ್ಲಿ ಮನೆ ಕಟ್ಟಿದ ಕುಲವೇ ತಲೆತಲಾಂತರ ಬಾಳಿತು. ವಾರಸಾ ತೆರಿಗೆಯ ಭಾರ ತಾಳದಾದಾಗ, 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಕೈಹಿಡಿಯಿತು. ಮನೆಯನ್ನು ಟ್ರಸ್ಟಿಗೆ ಬರೆದುಕೊಟ್ಟು ಅದರಲ್ಲೇ ವಾಸ ಮುಂದುವರಿಸಲು 1937ರ ಕಾಯ್ದೆ ದಾರಿ ಮಾಡಿತು. ನಮ್ಮ ಮಂಜಿಲ್‌ಗೆ ವಾರಸುದಾರರೇ ಇಲ್ಲ. ‘ಅಪ್ಪಾ’ ಎಂದ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ, ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ತೀರಿಕೊಂಡ. ಸಂಸ್ಥಾನ ನಿಜಾಮನ ಪಾಲಾಯಿತು. ಆ ಗುಂಡು ಹೇಗೆ ಹಾರಿತು ಎಂಬುದಕ್ಕೆ ಟೇಲರ್ ಬರೆದದ್ದೇ ಒಂದು, ಸುರಪುರದ ಹಿರಿಯರು ಹೇಳುವುದೇ ಒಂದು. ಇಂಥ ಮನೆಯನ್ನು ಬರೀ ಹೆಮ್ಮೆಯಿಂದ ತೋರಿಸಲಿಕ್ಕೆ ಬರುವುದಿಲ್ಲ. ಹಾಗಂತ ಬೀಳಿಸಬೇಕು ಎನ್ನುವವನೂ ನಾನಲ್ಲ. ಒಳಗೆ ಒಂದು ಗೋಡೆಯ ಮೇಲೆ ಟೇಲರನ ಕಥೆ, ಎದುರಿನ ಗೋಡೆಯ ಮೇಲೆ ವೆಂಕಟಪ್ಪ ನಾಯಕನ ಕಥೆ ಬರೆಸಬೇಕು. ನೋಡಿದವರೇ ನಡುವೆ ನಿಂತು ತೀರ್ಪು ಕೊಡಲಿ.

ಆದರೆ ನನ್ನನ್ನು ಕೇಳಿದರೆ, ಅವನ ಕಾಲದ ನಿಜವಾದ ಆಸ್ತಿ ಆ ಬಂಗಲೆಯಲ್ಲ, ಬೋನಾಳದ ಕೆರೆ. ನೀವು ಕಂಡ ತೋಟಗಳ ನಡುವೆಯೂ ಕೆರೆಗಳಿದ್ದವಲ್ಲ? ಅವುಗಳಲ್ಲಿ ಎಷ್ಟೋ ಸಾಹೇಬರು ಕಿಟಕಿಯಿಂದ ನೋಡಲೆಂದು ತೋಡಿಸಿದವು. ಕೇಪಬಿಲಿಟಿ ಬ್ರೌನ್ ಎಂಬ ತೋಟಗಾರ ಹದಿನೆಂಟನೇ ಶತಮಾನದಲ್ಲಿ ಹೊಳೆಗೆ ಒಡ್ಡು ಹಾಕಿ ಅಂಥ ನೋಟ ಕಟ್ಟಿಕೊಡುವುದರಲ್ಲೇ ಹೆಸರಾದ. ಬೋನಾಳದ್ದು ಹಾಗಲ್ಲ. ನಾಯಕ ಅರಸರ ಕಾಲದ ಕೆರೆ, ಟೇಲರ್ ಅದನ್ನು ಸುಧಾರಿಸಿದ, ನೀರು ಹೊಲಗದ್ದೆಗೆ ಹರಿಯಿತು. ಈಗದು ಪಕ್ಷಿಧಾಮ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಇದನ್ನು ಯಾವ ದೊರೆ ಕಟ್ಟಿಸಿದ, ಯಾವ ಸಾಹೇಬ ಸುಧಾರಿಸಿದ ಎಂಬ ತಕರಾರೇ ಇಲ್ಲ.

ಇನ್ನು ನಮ್ಮೂರು. ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹ, ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಮೂವರೂ ಗೋಗಿಯ ದರ್ಗಾದ ಮಗ್ಗುಲಲ್ಲಿ ಮಲಗಿದ್ದಾರೆ. ಗೋಲಗುಮ್ಮಟಕ್ಕೆ ಓಡುವ ಜನ ಇಲ್ಲಿಗೆ ತಿರುಗಿಯೂ ನೋಡುವುದಿಲ್ಲ. ಅದೊಂದು ಬೇರೆಯೇ ಕಾಗದಕ್ಕೆ ಆಗುವಷ್ಟು ಸಿಟ್ಟು, ಇರ್ಲಿ ಬಿಡ್ರಿ.

ಚಳಿಗಾಲ ಮುಗಿಯುವುದರೊಳಗೆ ಬರ್ರಿ. ಶಹಾಪುರಕ್ಕೆ ಬಂದು ಇಳಿದರೆ ಸಾಕು, ಕರೆದುಕೊಂಡು ಬರಲು ನಾನೇ ಬರುತ್ತೇನೆ. ಮೊದಲು ಗೋಗಿಯಲ್ಲಿ ಊಟ, ಆಮೇಲೆ ಬೋನಾಳ. ಹೊತ್ತು ಉಳಿದರೆ ಮಂಜಿಲ್.

ನಿಮ್ಮ
ಗೋಗಿಯ ಗೆಳೆಯ