ಅಜ್ಜನ ಕೋವಿಯ ಎಡ ನಳಿಗೆ

ಭಾಗ 1/6

ಫೋಟೋ ನೋಡಿ ಅಡುಗೆ ಪೇಜ್ ಶುರು ಆಯ್ತು ಅಂದ್ಕೋಬೇಡಿ. ಒದ್ದೆ ಬಟ್ಟೆ ಮೇಲೆ ಚೆಲ್ಲಿರೋದು ರಾಗಿ ಹೌದು, ಆದ್ರೆ ಈ ಸಲದ ವಿಷಯ ಕೋವಿ. ಆರು ಭಾಗ ಇದೆ, ನಿಧಾನಕ್ಕೆ ಓದಿ.

ಅಜ್ಜನ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಒಂದಿಷ್ಟು ಗದ್ದೆ. ಮಲೆನಾಡಿನ ಎಷ್ಟೋ ಮನೆಗಳ ಹಾಗೆ ಅಲ್ಲೂ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಒಂದು ಜೋಡಿ ನಳಿಗೆ ಕೋವಿ ಇದೆ. 12 ಬೋರ್. ಈಗ ಅದರ ಕೆಲಸ ಮಂಗಗಳನ್ನ ಹೆದರಿಸೋ ಸದ್ದು ಅಷ್ಟೇ. ಎಲೆಕ್ಷನ್ ಬಂದ್ರೆ ಸ್ಟೇಷನ್‌ನಲ್ಲಿ ಡೆಪಾಸಿಟ್.

ಅಜ್ಜನಿಗೆ 78. ಲೈಸೆನ್ಸ್ ಇರೋರಿಗೆ 70 ವರ್ಷ ಆದ್ರೆ, ಅಥವಾ ಕೋವಿ ಇಟ್ಕೊಂಡು 25 ವರ್ಷ ಆದ್ರೆ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು ಅಂತ 2016ರ ಆರ್ಮ್ಸ್ ರೂಲ್ಸ್ ಹೇಳುತ್ತೆ. ಕೇಳೋರಿಗೆ 21 ತುಂಬಿರಬೇಕು. ನನಗೀಗ 20.

ಮನೇಲಿ ಆಗ್ಲೇ ಮಾತು ಶುರುವಾಗಿದೆ. ದೊಡ್ಡಪ್ಪ, "ಮಾರಿಬಿಡಿ, ಯಾರಿಗೆ ಬೇಕು ಆ ತಲೆನೋವು" ಅಂತಾರೆ. ದೆಹಲಿಯಲ್ಲಿರೋ ಮಾವ, "ನಿಂಗೆ ಸ್ಕೀಟ್ ಹುಚ್ಚು ಹಿಡಿದಿದ್ಯಲ್ಲ, ಆ ಎಡ ನಳಿಗೆ ಮೂತಿನ ಒಳಗಿಂದ ಕೆರೆಸಿ ಸಡಿಲ ಮಾಡ್ಸು" ಅಂತಾರೆ. ಅಜ್ಜ ಮಾತ್ರ ಯಾವ ಕಡೆಗೂ ಹೇಳ್ಲಿಲ್ಲ. "ನಿನ್ನ ಹೆಸ್ರಿಗೆ ಬರೋದು, ನೀನೇ ಯೋಚ್ನೆ ಮಾಡು ಮರಾಯ" ಅಂದ್ರು.

ಸರಿ, ಯೋಚ್ನೆ ಮಾಡ್ದೆ. ಲೆಕ್ಕ ಸಮೇತ.

ಭಾಗ 2/6

ಮೊದಲು ಬೇಸಿಕ್. ಪಿಸ್ತೂಲಿನಿಂದ ಒಂದು ಸಲಕ್ಕೆ ಒಂದು ಗುಂಡು ಹೋಗುತ್ತೆ. ಈ ಜಾತಿ ಕೋವಿಯ ಒಂದು ತೋಟಾದಲ್ಲಿ ನೂರಾರು ಸಣ್ಣ ಸೀಸದ ಚರೆ ಇರುತ್ತೆ. ನಳಿಗೆ ಬಿಡುವಾಗ ಅವೆಲ್ಲ ಒಂದೇ ಮುದ್ದೆ. ದೂರ ಹೋದಂಗೆ ಹರಡ್ತಾ ಹೋಗುತ್ತೆ. ಆ ಹರಡಿಕೆಗೇ ಪ್ಯಾಟರ್ನ್ ಅನ್ನೋದು.

12 ಬೋರ್ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. ತುದಿಯಲ್ಲಿ ಅದನ್ನ ಸ್ವಲ್ಪ ಕಿರಿದು ಮಾಡಿರ್ತಾರೆ, ಅದು ಚೋಕ್. ಫುಲ್ ಚೋಕ್ ಅಂದ್ರೂ ಕಿರಿದಾಗೋದು ಬರೀ 1 ಮಿ.ಮೀ. ಆಸುಪಾಸು. ಆದ್ರೆ ಆ ಒಂದು ಮಿಲಿಮೀಟರ್ ಮಾಡೋ ಕೆಲಸ ನೋಡಿ. 40 ಗಜ ದೂರದಲ್ಲಿ, ಅಂದ್ರೆ ಸುಮಾರು 36 ಮೀಟರ್‌ನಲ್ಲಿ, 76 ಸೆಂ.ಮೀ. ಅಗಲದ ಒಂದು ವೃತ್ತ ಇಟ್ಟು ಅಳೀತಾರೆ. ಚೋಕ್ ಇಲ್ಲದ ನಳಿಗೆ, ಅಂದ್ರೆ ಸಿಲಿಂಡರ್, ನೂರಕ್ಕೆ 40 ಚರೆ ಆ ವೃತ್ತದೊಳಗೆ ಹಾಕುತ್ತೆ. ಫುಲ್ ಚೋಕ್ 70 ಹಾಕುತ್ತೆ.

ಅಜ್ಜನ ಕೋವಿಯ ಬಲ ನಳಿಗೆ ಮಧ್ಯಮ, ಎಡ ನಳಿಗೆ ಫುಲ್. ಹಳೇ ಜೋಡಿ ನಳಿಗೆಗಳಲ್ಲಿ ಇದು ಮಾಮೂಲಿ. ಮೊದಲನೇ ಈಡು ಹತ್ತಿರಕ್ಕೆ, ಅಷ್ಟರಲ್ಲಿ ಗುರಿ ದೂರ ಹೋಗಿರುತ್ತೆ, ಎರಡನೇ ಈಡು ಬಿಗಿಯಾಗಿ ಹೋಗ್ಲಿ ಅಂತ.

ಇದನ್ನ ಅಜ್ಜನಿಗೆ ದೊಡ್ಡದಾಗಿ ವಿವರಿಸೋಕೆ ಹೋದ್ರೆ ಅವರು ನಕ್ಕರು. ಅವರ ಅಪ್ಪನ ಕಾಲದಲ್ಲಿ ಮನೇಲಿದ್ದದ್ದು ಕೇಪಿನ ಕೋವಿ. ನಳಿಗೆ ಬಾಯಿಂದ ಮಸಿ ಹಾಕಿ, ಕತ್ತ ಹಾಕಿ ಗಜದಲ್ಲಿ ಜಡಿದು, ಆಮೇಲೆ ಚರೆ, ಮತ್ತೆ ಕತ್ತ. ಪ್ರತಿ ಈಡೂ ಕೈಯಲ್ಲೇ ತುಂಬಿದ್ದು. "ಮಸಿ ಜಾಸ್ತಿ ಆಗಿ ಚರೆ ಕಮ್ಮಿ ಆದ್ರೆ ಚೆಲ್ಲಾಪಿಲ್ಲಿ ಆಗ್ತಿತ್ತು. ಒಟ್ಟಾಗಿ ಹೋಗ್ಬೇಕು ಅಂದ್ರೆ ಮಸಿ ಹದ ಮಾಡ್ಬೇಕು" ಅಂದ್ರು. ನಳಿಗೆ ಅದೇ, ಈಡು ತುಂಬೋ ರೀತಿ ಬದಲಾದ್ರೆ ಹರಡಿಕೆಯೂ ಬದಲು. ಈ ಮಾತು ನೆನಪಿಟ್ಕೊಳ್ಳಿ, ಐದನೇ ಭಾಗಕ್ಕೆ ಬೇಕು.

ಭಾಗ 3/6

ಸ್ಕೀಟ್ ಹುಚ್ಚು ಎಲ್ಲಿಂದ ಬಂತು? ಮಾವನ ಮನೆಗೆ ಹೋದಾಗ ಅವರು ತುಘಲಕಾಬಾದ್‌ನ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ತೋರ್ಸಿದ್ರು. 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ್ದು. ಕರ್ಣಿ ಸಿಂಗ್ ಅಂದ್ರೆ ಬಿಕಾನೇರ್ ಮಹಾರಾಜ, ಐದು ಒಲಿಂಪಿಕ್ಸ್‌ನಲ್ಲಿ ಹಾರೋ ಬಿಲ್ಲೆಗೆ ಗುರಿ ಇಟ್ಟವರು. ಇದೇ ಮನೆತನದ ಆಟದಲ್ಲಿ, ಡಬಲ್ ಟ್ರ್ಯಾಪ್‌ನಲ್ಲಿ, 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು.

ಬಿಲ್ಲೆಗೆ ಹೆಸರಿಗಷ್ಟೇ ಕ್ಲೇ ಅಂತಾರೆ. ಈಗ ಅದನ್ನ ಸುಣ್ಣಕಲ್ಲಿನ ಪುಡಿಗೆ ಡಾಂಬರಿನ ಥರದ ಅಂಟು ಸೇರಿಸಿ ಮಾಡ್ತಾರೆ. ಅಗಲ 11 ಸೆಂ.ಮೀ., ದಪ್ಪ ಎರಡೂವರೆ ಸೆಂ.ಮೀ., ತೂಕ 105 ಗ್ರಾಂ. ನಮ್ಮ ಕ್ಯಾಂಟೀನ್ ಟೀ ಸಾಸರ್‌ಗಿಂತ ಚಿಕ್ಕದು.

ಆಟದಲ್ಲಿ ಎರಡು ಮುಖ್ಯ ಬಗೆ. ಟ್ರ್ಯಾಪ್‌ನಲ್ಲಿ ಬಿಲ್ಲೆ ನಿಮ್ಮ ಮುಂದಿನಿಂದ ಎದ್ದು ದೂರ ಓಡುತ್ತೆ, ಹೊಡೆಯೋ ಹೊತ್ತಿಗೆ 30 ಮೀಟರ್ ದಾಟಿರುತ್ತೆ. ಸ್ಕೀಟ್‌ನಲ್ಲಿ ಎರಡು ಕಡೆ ಎರಡು ಗೂಡು, ಒಂದು ಎತ್ತರ, ಒಂದು ತಗ್ಗು. ಬಿಲ್ಲೆ ಅಡ್ಡಡ್ಡ ಹಾರುತ್ತೆ, ಎಂಟು ಜಾಗದಿಂದ ನಿಂತು ಹೊಡೀತಾರೆ, ಒಂದು ಸುತ್ತಿಗೆ 25 ಬಿಲ್ಲೆ. ದೂರ ಸುಮಾರು 20 ಮೀಟರ್ ಅಷ್ಟೇ. ಬಿಲ್ಲೆ ಕಾಣೋ ತನಕ ಕೋವಿ ಸೊಂಟದ ಹತ್ರ ಇರಬೇಕು.

ಒಂದು ಬಿಲ್ಲೆ ತಪ್ಪಿದ್ರೆ ಏನಾಗುತ್ತೆ ಗೊತ್ತಾ? 2024ರ ಪ್ಯಾರಿಸ್ ಒಲಿಂಪಿಕ್ಸ್, ಮಿಕ್ಸೆಡ್ ಸ್ಕೀಟ್. ಮಹೇಶ್ವರಿ ಚೌಹಾಣ್, ಅನಂತ್‌ಜೀತ್ ಸಿಂಗ್ ನರುಕಾ ಜೋಡಿ ಚೀನಾ ಎದುರು 43-44ರಲ್ಲಿ ಕಂಚು ಕಳ್ಕೊಂಡ್ರು. ಒಂದೇ ಒಂದು ಬಿಲ್ಲೆ.

ಭಾಗ 4/6

ಈಗ ರಾಗಿ ಕಥೆ. ಸ್ಪರ್ಧೆಯಲ್ಲಿ ತೋಟಾದೊಳಗೆ 24 ಗ್ರಾಂಗಿಂತ ಜಾಸ್ತಿ ಚರೆ ಇರೋ ಹಾಗಿಲ್ಲ. ಸ್ಕೀಟ್‌ಗೆ ಬಳಸೋ 2 ಮಿ.ಮೀ. ಚರೆ ಆದ್ರೆ ಅದು ಸುಮಾರು 500 ಕಾಳು. ಗಾತ್ರದಲ್ಲಿ ರಾಗಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ರಾಗಿಗುಡ್ಡದಲ್ಲಿದ್ದು ರಾಗಿಗೆ ಬರ ಉಂಟಾ?

20 ಗಜದಲ್ಲಿ ಫುಲ್ ಚೋಕ್‌ನ ಚರೆ ಸುಮಾರು 40 ಸೆಂ.ಮೀ. ಅಗಲ ಹರಡುತ್ತೆ. ಸಿಲಿಂಡರ್ ಆದ್ರೆ ಹೆಚ್ಚುಕಮ್ಮಿ 80. ನಮ್ಮ ಟೆರೇಸ್ ಮೇಲೆ ಒದ್ದೆ ಬಟ್ಟೆ ಹಾಸಿ ಎರಡೂ ವೃತ್ತ ಬರೆದೆ. ಒಂದೊಂದಕ್ಕೂ ಎಣಿಸಿ 500 ಕಾಳು, ಆದಷ್ಟು ಸಮ ಹರಡಿದೆ. ಬಿಲ್ಲೆ ಅಡ್ಡ ಹಾರುವಾಗ ಅದರ ಅಂಚು ಮಾತ್ರ ಕಾಣೋದ್ರಿಂದ 11 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲದ ರಟ್ಟು ಕತ್ತರಿಸಿ ಅಲ್ಲಲ್ಲಿ ಇಟ್ಟು, ಅದರಡಿ ಬಂದ ಕಾಳು ಎಣಿಸಿದೆ.

ಸಣ್ಣ ವೃತ್ತ: 13, 9, 12.
ದೊಡ್ಡ ವೃತ್ತ: 3, 2, 4, 1.

ಕಾಗದದ ಲೆಕ್ಕವೂ ಇದನ್ನೇ ಹೇಳುತ್ತೆ. ಅಗಲ ಎರಡು ಪಟ್ಟು ಆದ್ರೆ ವಿಸ್ತೀರ್ಣ ನಾಲ್ಕು ಪಟ್ಟು, ಹಾಗಾಗಿ ದಟ್ಟಣೆ ಕಾಲು ಭಾಗ. ಸರಾಸರಿ 11 ಇದ್ದದ್ದು ಮೂರರ ಹತ್ತಿರಕ್ಕೆ ಇಳಿಯುತ್ತೆ.

ಬಿಲ್ಲೆ ಒಡೆಯೋಕೆ ಎರಡು ಮೂರು ಚರೆ ಸಾಕು. ಅಂದ್ರೆ ಸ್ಕೀಟ್‌ನಲ್ಲಿ ಫುಲ್ ಚೋಕ್ ಹಿಡಿದವನು 11 ಚರೆ ಖರ್ಚು ಮಾಡಿ ಮೂರರ ಕೆಲಸ ಮಾಡ್ತಿದ್ದಾನೆ, ಜೊತೆಗೆ ಗುರಿ 20 ಸೆಂ.ಮೀ. ಆಚೀಚೆ ಆದ್ರೆ ಬಿಲ್ಲೆ ಪೂರ್ತಿ ತಪ್ಪುತ್ತೆ. ಅಗಲ ಹರಡಿಕೆಯವನಿಗೆ 40 ಸೆಂ.ಮೀ. ತನಕ ಅವಕಾಶ ಇದೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಗೋಡೌನ್‌ನಲ್ಲಿ ಸ್ಟಾಕ್ ತುಂಬಿ ತುಳುಕ್ತಿದೆ, ಆದ್ರೆ ಅಂಗಡಿ ಒಂದೇ ಬೀದಿಯಲ್ಲಿದೆ.

ಹಂಗಂತ ಅಗಲವೇ ಯಾವಾಗಲೂ ಒಳ್ಳೇದಾ? ಟ್ರ್ಯಾಪ್ ಲೆಕ್ಕ ನೋಡಿ. 2.4 ಮಿ.ಮೀ. ಚರೆ, ಸುಮಾರು 300 ಕಾಳು, 36 ಮೀಟರ್. ಸಿಲಿಂಡರ್‌ನಲ್ಲಿ 40 ಪರ್ಸೆಂಟ್, ಅಂದ್ರೆ 120 ಚರೆ ಆ 76 ಸೆಂ.ಮೀ. ವೃತ್ತದಲ್ಲಿ. ಬಿಲ್ಲೆ ಅಂಚಿನ ಪಾಲಿಗೆ ಸರಾಸರಿ ಒಂದು ಚರೆಯೂ ಇಲ್ಲ. ಗುರಿ ಸರಿ ಇದ್ರೂ ಬಿಲ್ಲೆ ಸಂದಿಯಲ್ಲಿ ನುಸುಳಿ ಹೋಗಬಹುದು. ಅಲ್ಲಿ ಬಿಗಿ ನಳಿಗೆಯೇ ಬೇಕು.

ನಿಜವಾದ ಚರೆ ರಾಗಿ ಥರ ಸಮವಾಗಿ ಹರಡಲ್ಲ. ನಡುವೆ ದಟ್ಟ, ಅಂಚಿಗೆ ತೆಳು. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ ಆ ಗಂಟೆ ಆಕಾರದ ಕರ್ವ್ ನೆನಪಿದ್ಯಲ್ಲ, ಅದೇ. ಚೋಕ್ ಅಂದ್ರೆ ಆ ಕರ್ವ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್ ತಿರುಗಿಸೋ ಸ್ಕ್ರೂ.

ಭಾಗ 5/6

ಹಾಗಾದ್ರೆ ಬಿಗಿ ನಳಿಗೆ ಇದ್ದೋರು ಸ್ಕೀಟ್ ಆಡೋದು ಹೇಗೆ? ಹೊಸ ಕೋವಿಗಳಲ್ಲಿ ಚೋಕನ್ನ ಬಿಚ್ಚಿ ಬೇರೆ ತಿರುಗಿಸಬಹುದು. ಹಳೇ ಕೋವಿಯಲ್ಲಿ ಅದು ನಳಿಗೆಯ ಭಾಗವೇ. ಅಮೆರಿಕ, ಬ್ರಿಟನ್ ಕಡೆ ಕೈಯಲ್ಲಿ ತೋಟಾ ತುಂಬೋದು ಹಳೇ ಹವ್ಯಾಸ. ಅವರು ನಳಿಗೆ ಮುಟ್ಟಲ್ಲ, ತೋಟಾದ ಒಳಗೆ ಕೈ ಹಾಕ್ತಾರೆ.

ಈಗಿನ ತೋಟಾದಲ್ಲಿ ಚರೆ ಒಂದು ಪ್ಲಾಸ್ಟಿಕ್ ಬಟ್ಟಲಲ್ಲಿ ಕೂತಿರುತ್ತೆ. 1960ರ ದಶಕದಲ್ಲಿ ಬಳಕೆಗೆ ಬಂದಿದ್ದು ಅದು. ಚರೆ ನಳಿಗೆಗೆ ಉಜ್ಜಲ್ಲ, ದುಂಡಗೇ ಇರುತ್ತೆ, ನೇರ ಹೋಗುತ್ತೆ. ಬಟ್ಟಲು ತೆಗೆದು ಹಳೇ ಕಾಲದ ಥರ ಉಣ್ಣೆಯ ಬಿರಡೆ, ರಟ್ಟಿನ ಬಿಲ್ಲೆ ಹಾಕಿದ್ರೆ ಹೊರಗಿನ ಸಾಲಿನ ಚರೆ ಉಜ್ಜಿ ಚಪ್ಪಟೆ ಆಗುತ್ತೆ. ಚಪ್ಪಟೆ ಆದದ್ದು ಗಾಳಿಯಲ್ಲಿ ಪಕ್ಕಕ್ಕೆ ಸರಿಯುತ್ತೆ, ಹರಡಿಕೆ ಅಗಲ ಆಗುತ್ತೆ. ಎರಡನೇ ದಾರಿ, ಚರೆಯ ನಡುವೆ ಪ್ಲಸ್ ಆಕಾರದ ಪ್ಲಾಸ್ಟಿಕ್ ತುಂಡು ಇಟ್ಟು ನಾಲ್ಕು ಪಾಲು ಮಾಡೋದು, ಇಲ್ಲಾ ಪದರ ಪದರಕ್ಕೆ ತೆಳು ರಟ್ಟು ಇಡೋದು. ಮೂರನೇದು, ಆಂಟಿಮನಿ ಕಮ್ಮಿ ಇರೋ ಮೆತ್ತನೆ ಸೀಸ.

ಬಿಟ್ಟಿ ಏನೂ ಸಿಗಲ್ಲ. ಆಕಾರ ಕೆಟ್ಟ ಚರೆ ಬೇಗ ವೇಗ ಕಳ್ಕೊಳ್ಳುತ್ತೆ. ಹರಡಿಕೆಯಲ್ಲಿ ಅಲ್ಲಲ್ಲಿ ತೂತು ಬೀಳುತ್ತೆ. ಹತ್ತಿರಕ್ಕೆ ಚೆನ್ನ, ದೂರಕ್ಕೆ ದಂಡ. ಅದೂ ಒಂದು ಕೋವಿಯಲ್ಲಿ ಬಂದ ಹಾಗೆ ಇನ್ನೊಂದರಲ್ಲಿ ಬರಲ್ಲ, ದೊಡ್ಡ ಕಾಗದ ಕಟ್ಟಿ, ಮತ್ತೆ ಮತ್ತೆ ಹೊಡೆದು, ತೂತು ಎಣಿಸಿಯೇ ನೋಡ್ಬೇಕು.

ಇದನ್ನ ಓದಿ ಯಾರೂ ಹೀರೋ ಆಗೋಕೆ ಹೋಗ್ಬೇಡಿ. ಒಂದು ಭಾಗ ಬದಲಾದ್ರೆ ನಳಿಗೆಯೊಳಗಿನ ಒತ್ತಡವೂ ಬದಲಾಗುತ್ತೆ. ಅದಕ್ಕೇ ಅಲ್ಲಿನವರು ಪರೀಕ್ಷೆ ಮಾಡಿ ಪ್ರಿಂಟ್ ಮಾಡಿರೋ ಅಳತೆ ಬಿಟ್ಟು ಆಚೀಚೆ ಹೋಗಲ್ಲ. ನಮ್ಮಲ್ಲಿ 1959ರ ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಸೋಕೆ ಲೈಸೆನ್ಸ್ ಬೇಕು. ಕೋವಿ ಲೈಸೆನ್ಸ್ ಇದ್ರೆ ಸಾಕು ಅಂದ್ಕೊಂಡ್ರೆ ಕೇಸು.

ನನಗೆ ಖುಷಿ ಆಗಿದ್ದು ಬೇರೆ. ಬಟ್ಟಲು, ಬಿರಡೆ, ರಟ್ಟು ಅಂತ ಅವರು ಬರೆದಿಡೋ ಲೆಕ್ಕವನ್ನೇ ನಮ್ಮ ಮುತ್ತಜ್ಜ ಮಸಿ, ಕತ್ತ, ಚರೆಯಲ್ಲಿ ಮಾಡ್ತಿದ್ರು.

ಭಾಗ 6/6

ಈಗ ಮಾವನ ಸಲಹೆಗೆ ಉತ್ತರ.

ಮೂತಿ ಕೆರೆಸಬಹುದು. ಲೈಸೆನ್ಸ್ ಇರೋ ಗನ್‌ಸ್ಮಿತ್ ಅರ್ಧ ದಿನದಲ್ಲಿ ಮುಗಿಸ್ತಾರಂತೆ. ಇನ್ಯಾರೋ ಹೇಳಿದ ಹಾಗೆ ತುದಿಯನ್ನೇ ಎರಡು ಇಂಚು ಕೊಯ್ಸೋದಂತೂ ಬೇಡವೇ ಬೇಡ. ನಳಿಗೆ ಗಿಡ್ಡ ಮಾಡೋದಕ್ಕೆ ಅದೇ ಆಕ್ಟ್‌ನ 6ನೇ ಸೆಕ್ಷನ್ ಅಡ್ಡ ನಿಂತಿದೆ.

ಆದ್ರೆ ಕಾನೂನು ಬಿಟ್ಟು ಯೋಚಿಸಿದ್ರೂ ನಾನು ಕೆರೆಸಲ್ಲ. ಬಿಗಿ ನಳಿಗೆಯನ್ನ ತೋಟಾದಿಂದ ಸಡಿಲ ಮಾಡಬಹುದು. ಕೆರೆದು ಹೋದ ಒಂದು ಮಿಲಿಮೀಟರ್ ಕಬ್ಬಿಣವನ್ನ ಯಾವ ತೋಟಾನೂ ವಾಪಸ್ ತರಲ್ಲ. ನಳಿಗೆ ಫಿಕ್ಸೆಡ್ ಅಸೆಟ್, ತೋಟಾ ವೇರಿಯಬಲ್ ಕಾಸ್ಟ್. ನನ್ನ ಎರಡು ವರ್ಷದ ಹುಚ್ಚಿಗೆ ಅಜ್ಜ ಐವತ್ತು ವರ್ಷ ಎಣ್ಣೆ ಹಾಕಿ ಒರೆಸಿಟ್ಟ ಅಸೆಟ್ ಯಾಕೆ ಕೊಯ್ಯಲಿ? ಸ್ಕೀಟ್ ಕಲಿಯೋಕೆ ರೇಂಜ್‌ನಲ್ಲೇ ಕೋಚ್ ಕಣ್ಣೆದುರು ಅವರ ಕೋವಿ ಹಿಡಿದ್ರಾಯ್ತು. ಅಜ್ಜನದ್ದು ಹೇಗಿದೆಯೋ ಹಾಗೇ ಇರಲಿ.

ಇದನ್ನ ಹೇಳಿದಾಗ ಅಜ್ಜ ಜಾಸ್ತಿ ಮಾತಾಡ್ಲಿಲ್ಲ. ಬೀರುವಿನಿಂದ ಲೈಸೆನ್ಸ್ ಪುಸ್ತಕ ತಂದು, ರಿನ್ಯೂವಲ್ ಸೀಲುಗಳನ್ನ ಒಂದೊಂದಾಗಿ ತೋರ್ಸಿದ್ರು. ಮಾವ "ಲೆಕ್ಕ ಸರಿ ಇದೆ ಬಿಡು" ಅಂದ್ರು. ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಮಾರೋದೇ ಸರಿ ಅಂತ ಕೂತಿದ್ದಾರೆ, ಅವರ ಮಾತಲ್ಲೂ ಹುರುಳಿದೆ. ಕೋವಿ ಇರೋ ಮನೆಗೆ ಜವಾಬ್ದಾರಿ ಜಾಸ್ತಿ, ಓದೋಕೆ ಶಿವಮೊಗ್ಗದಲ್ಲಿರೋ ನಾನು ಅದನ್ನ ಹೇಗೆ ನೋಡ್ಕೊಳ್ತೀನಿ ಅನ್ನೋ ಪ್ರಶ್ನೆಗೆ ಉತ್ತರ ಕೊಡ್ಲೇಬೇಕು.

ಮಾರ್ಚ್‌ಗೆ 21 ತುಂಬುತ್ತೆ. ಅದಕ್ಕಿಂತ ಮೊದಲು ಪೊಲೀಸ್ ಇಲಾಖೆ ನಡೆಸೋ ನಾಗರಿಕ ಬಂದೂಕು ತರಬೇತಿ ವಿಚಾರಿಸ್ಬೇಕು. ಆಮೇಲೆ ಅರ್ಜಿ, ಆಮೇಲೆ ವಿಚಾರಣೆ. ಕೊಡೋದು ಬಿಡೋದು ಅವರಿಗೆ ಬಿಟ್ಟದ್ದು.

ನಿಮ್ಮಲ್ಲಿ ಯಾರದ್ದಾದ್ರೂ ಅಜ್ಜನ ಮನೆಯಲ್ಲಿ ಕೇಪಿನ ಕೋವಿ ಕಾಲದೋರು ಇದ್ರೆ, ಈ ರಜೆಗೆ ಹೋದಾಗ ಹತ್ರ ಕೂತು ಕೇಳಿ. ಮಸಿ ಎಷ್ಟು, ಕತ್ತ ಎಷ್ಟು ಅಂತ ಅಳತೆ ಬೇಡ. ಅವರು ಅದಕ್ಕೆಲ್ಲ ಏನೇನು ಹೆಸರು ಹೇಳ್ತಿದ್ರು ಅಂತ ಕೆಳಗೆ ಬರೀರಿ.

#ಮಲೆನಾಡು #ರಾಗಿಗುಡ್ಡ #ಕೋವಿ #ಸ್ಕೀಟ್ #ಬಿಕಾಂಲೆಕ್ಕ