ಓಟದ ಹೋರಿ

ಮೂವತ್ತು ವರ್ಷ ಬಾಲಕರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರನು ಎತ್ತುಗಳ ವಿಷಯವಾಗಿ ಬರೆಯಹೊರಟುದನ್ನು ಕಂಡು ವಾಚಕರು ನಗಬಹುದು. ಆದರೆ ಬೇಡಕಿಹಾಳದಲ್ಲಿ ಬೆಳೆದವರಿಗೆ ದನದ ಮಾತು ತಪ್ಪಿದ್ದಲ್ಲ. ಕಬ್ಬು ಹೊಗೆಸೊಪ್ಪುಗಳ ಈ ಸೀಮೆಯಲ್ಲಿ ಜನರು ಅವೆರಡಕ್ಕಿಂತಲೂ ಹೆಚ್ಚಿನ ಅಕ್ಕರೆಯಿಂದ ಬೆಳೆಸುವುದೊಂದುಂಟು. ಅದು ಗಾಡಿಯ ಶರ್ಯತ್ತಿನ ಹೋರಿ.

ಇದು ಕಿಲಾರಿ ತಳಿ. ಸೊಲ್ಲಾಪುರ, ಸಾಂಗಲಿ, ಸಾತಾರೆಗಳಿಂದ ನಮ್ಮ ಬೆಳಗಾವಿ, ವಿಜಯಪುರಗಳವರೆಗೆ ಇದರ ನೆಲೆ. ಬಿಳಿಯ ಮೈ, ನೀಳವಾದ ಮುಖ, ಹಿಂದಕ್ಕೆ ಬಾಗಿ ಮೇಲೇರಿದ ಚೂಪಾದ ಕೋಡು, ಗಟ್ಟಿಯಾದ ಗೊರಸು ಇದರ ಲಕ್ಷಣಗಳು. ಆಕಳು ಕೊಡುವ ಹಾಲು ಸ್ವಲ್ಪ. ಸಾಕುವವನು ಅದನ್ನೂ ಮನೆಯ ಮಕ್ಕಳಿಗೆ ತಪ್ಪಿಸಿ ಹೋರಿಗರುವಿಗೆ ಬಿಡುತ್ತಾನೆ. ಮುಂದೆ ಹಿಂಡಿ, ಹತ್ತಿಕಾಳು, ಗೋದಿಹಿಟ್ಟಿನ ಉಂಡೆ. ಮಾಘಮಾಸದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರು ಈ ದನಗಳ ಸೊಬಗನ್ನು ಕಂಡಿರಬಹುದು. ಕೊಳ್ಳುವವರು ಸುಳಿ ನೋಡಿ, ಹಲ್ಲು ಎಣಿಸಿ, ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ.

ಅಮೇರಿಕದಲ್ಲಿಯೂ ರೋಡಿಯೋ ಎಂಬ ಆಟಕ್ಕಾಗಿ ಹೋರಿಗಳನ್ನು ಸಾಕಿ ಒದಗಿಸುವುದೇ ಒಂದು ಕಸುಬಾಗಿದೆ. ಸವಾರನು ಒಂದೇ ಕೈಯಲ್ಲಿ ಹಗ್ಗ ಹಿಡಿದು ಎಂಟು ಸೆಕೆಂಡು ಬೆನ್ನ ಮೇಲೆ ನಿಲ್ಲಬೇಕು. ನೂರು ಅಂಕಗಳಲ್ಲಿ ಅರ್ಧ ಅವನಿಗೆ, ಅರ್ಧ ಹೋರಿಗೆ. ಅಲ್ಲಿ ಹೋರಿಯು ಮನುಷ್ಯನನ್ನು ಕೆಡಹಬೇಕು. ಇಲ್ಲಿ ಎಳೆದು ಗೆಲ್ಲಿಸಬೇಕು. ಎರಡೆಡೆಯಲ್ಲಿಯೂ ಸಾಕಿದವನೊಬ್ಬ, ಮೆರೆಯುವವನಿನ್ನೊಬ್ಬ. ಮಾರಿದೊಡನೆ ಸಾಕಿದವನ ಹೊಣೆ ತೀರಿತೆ? ನಮ್ಮನ್ನು ಬಹುಕಾಲ ಕಾಡಿದ ಪ್ರಶ್ನೆಯಿದು.

2011ರಲ್ಲಿ ನಮ್ಮ ಕೊಟ್ಟಿಗೆಯಲ್ಲೊಂದು ಹೋರಿಗರು ಹುಟ್ಟಿತು. ನಮ್ಮ ಮನೆಯವರು ಕೈಯಾರೆ ಉಂಡೆ ತಿನ್ನಿಸಿ ಅದನ್ನು ಬೆಳೆಸಿದರು. ಎರಡು ಹಲ್ಲು ಬಂದಾಗ ನೆರೆಯೂರಿನ ಗೃಹಸ್ಥರೊಬ್ಬರು ನೋಡಿ, “ಮಾಸ್ತರ, ಇದು ನೇಗಿಲಿನ ದನ ಅಲ್ಲರೀ, ಓಡೂ ದನ” ಎಂದರು. ಆ ವರ್ಷ ಮಗಳ ಮದುವೆ, ಹಣದ ಅಡಚಣೆಯಿತ್ತು. ಕೊಟ್ಟುಬಿಟ್ಟೆವು.

ಮರುವರ್ಷದ ಆರಂಭದಲ್ಲಿ ಅದು ಓಡುವುದನ್ನು ನೋಡಲು ಹೋದೆವು. ನಮ್ಮ ಹೋರಿಯ ಗಾಡಿಯೇ ಮೊದಲು ಬಂದಿತು. ಹಲಗೆ ಬಾರಿಸಿದರು, ಗುಲಾಲು ಎರಚಿದರು. ನಾವೂ ಹೆಮ್ಮೆಯಿಂದ ಹತ್ತಿರ ಸಾರಿದೆವು. ಗುಲಾಲಿನ ಕೆಂಪು ಎಂದು ನಾವು ಬಗೆದುದು ಗುಲಾಲಾಗಿರಲಿಲ್ಲ. ತೊಡೆಯುದ್ದಕ್ಕೂ ಮೊಳೆ ಚುಚ್ಚಿದ ಗಾಯಗಳಿದ್ದವು. ಹೋರಿಯು ಮುಖ ಚಾಚಿ ನಮ್ಮ ಕೈಯನ್ನು ಮೂಸಿತು; ಕೈಯಲ್ಲಿ ಉಂಡೆಯಿರಲಿಲ್ಲ. ಮನೆಗೆ ಬಂದಾಗ, “ಹೋರಿ ಹ್ಯಾಂಗದ?” ಎಂದು ಕೇಳಿದರು. “ಮೊದಲ ಬಂತು” ಎಂದಷ್ಟೇ ಹೇಳಿದೆವು.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಗಾಡಿಯ ಓಟಗಳನ್ನೂ ನಿಷೇಧಿಸಿತು. ನಮಗೆ ಸಮಾಧಾನವಾಯಿತು. ಆದರೆ ಓಡದ ಹೋರಿಗೆ ಉಂಡೆ ಹಾಕುವವರು ಯಾರು? ಮರಳಿ ಕೊಳ್ಳೋಣವೆಂದು ನಾವು ಹೋಗುವಷ್ಟರಲ್ಲಿ ಅದು ಎರಡು ಸಂತೆಗಳನ್ನು ದಾಟಿತ್ತು. ಎಲ್ಲಿ ಹೋಯಿತೆಂದು ಇಂದಿಗೂ ತಿಳಿಯದು. ಗಾಯ ಮಾಡಿದ ಕೈ ನಮ್ಮದಲ್ಲ, ನಿಜ. ಹಗ್ಗ ಒಪ್ಪಿಸಿದ ಕೈ ನಮ್ಮದೇ.

ಬಳಿಕ ಕರ್ನಾಟಕವು 2017ರ ತಿದ್ದುಪಡಿಯಿಂದ ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ಕಾನೂನನ್ನು ಎತ್ತಿಹಿಡಿಯಿತು. ಶರ್ಯತ್ತುಗಳಿಗೆ ಮತ್ತೆ ಕಳೆ ಬಂದಿತು. ಅನಂತರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೊಟ್ಟಿಗೆಯ ಹೊಸ ಹೋರಿಗರುವನ್ನು ಕೇಳಲು ಬಂದನು.

ನಾವು ಅವನಿಗೆ ಮತ್ತೊಮ್ಮೆ ಪಾಠ ಹೇಳಿದೆವು. ಸಂಸ್ಕೃತದಲ್ಲಿ ಎಳೆಗರುವು ವತ್ಸ. ಪಳಗಿಸಲು ತಕ್ಕ ಹೋರಿಯು ದಮ್ಯ. ನೊಗ ಹೊರುವ ಎತ್ತು ಧುರ್ಯ. ದಮ್ಯವೆಂಬುದು ಯಾವ ಧಾತುವಿನಿಂದ ಬಂದಿತೋ ಆತ್ಮಸಂಯಮವೆಂಬ ಅರ್ಥದ ದಮವೂ ಅದರಿಂದಲೇ ಬಂದಿತು. ಪಳಗಿಸುವವನು ಮೊದಲು ತನ್ನ ಕೈಯನ್ನು ಪಳಗಿಸಿಕೊಳ್ಳಬೇಕು.

ಕರಾರು ಇಷ್ಟೆ: ಮೊಳೆ ಮುಟ್ಟಿಸಕೂಡದು, ಓಟ ನಿಂತ ದಿನ ಹೋರಿಯು ನಮ್ಮ ಕೊಟ್ಟಿಗೆಗೇ ಮರಳಬೇಕು. ಇದಕ್ಕಾಗಿ ಬೆಲೆಯಲ್ಲಿ ಮೂರನೆಯ ಒಂದು ಪಾಲು ಬಿಟ್ಟೆವು. ಹುಡುಗನು ತಲೆದೂಗಿದನು.

ಈಗ ಅವನ ಹೋರಿ ಓಡುವ ದಿನ ನಾವು ತಪ್ಪದೆ ಹೋಗುತ್ತೇವೆ. ಮೊದಲು ಬಂದಿತೋ ಕಡೆಗೆ ಬಂದಿತೋ ಎಂದು ಕೇಳುವುದಿಲ್ಲ; ತೊಡೆಯ ಮೇಲೆ ಕೈಯಾಡಿಸಿ ನೋಡುತ್ತೇವೆ. ಹೊರಡುವಾಗ ನಮ್ಮ ಮನೆಯವರು ಉಂಡೆಯ ಗಂಟನ್ನು ಕೈಗೆ ಕೊಡಲು ಮರೆಯುವುದಿಲ್ಲ.