ತಾಂಡೂರಿನ ಕಲ್ಲುಹಾಸಿನ ಮೇಲೆ

ನಡೆಯುವುದನ್ನು ನಾವೆಲ್ಲ ಮಗುವಾಗಿದ್ದಾಗ ಒಮ್ಮೆ ಕಲಿಯುತ್ತೇವೆ. ಆಮೇಲೆ ಅದರ ಕಡೆ ಗಮನವೇ ಇರುವುದಿಲ್ಲ. ಎದ್ದಾಗಿನಿಂದ ಮಲಗುವವರೆಗೆ ಬರೀ ಓಟ. ಈ ಮಾತು ನಮ್ಮ ಮನಸ್ಸಿಗೆ ನಾಟಿದ್ದು ಕ್ರಿಸ್ಮಸ್ ರಜೆಯಲ್ಲಿ ತಾಂಡೂರಿಗೆ ಹೋಗಿದ್ದಾಗ.

ಅದಕ್ಕೂ ಮೂರು ತಿಂಗಳ ಮೊದಲು ನಮ್ಮ ಮನೆಯ ನುಣುಪಾದ ಟೈಲ್ಸ್ ಮೇಲೆ ಅವ್ವ ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. "ಬೇಗ ಬಾ ಅವ್ವ, ಆಟೋ ನಿಂತದ" ಎಂದು ಬಾಗಿಲಲ್ಲಿ ನಿಂತು ಕೂಗಿದವರು ನಾವೇ. ಮೂಳೆ ಕೂಡಿತು, ಆದರೆ ಅವ್ವನ ಮನಸ್ಸಿನ ಹೆದರಿಕೆ ಹೋಗಲಿಲ್ಲ. ಗೋಡೆ ಹಿಡಿಯದೆ ಹೆಜ್ಜೆ ಇಡುತ್ತಿರಲಿಲ್ಲ. ಬದಲಾವಣೆ ಇರಲೆಂದು ಅವಳನ್ನು ತಾಂಡೂರಿನ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೊರಟೆವು.

ಕಲಬುರಗಿಯಿಂದ ರೈಲು ವಾಡಿ, ಚಿತ್ತಾಪುರ, ಸೇಡಂ ದಾಟಿ ತಾಂಡೂರು ಸೇರುತ್ತದೆ. ದಾರಿಯುದ್ದಕ್ಕೂ ತೊಗರಿ ಹೊಲಗಳು. ಗಡಿ ಎಲ್ಲಿ ದಾಟಿತೆಂದು ಮಕ್ಕಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವುದಾದರೂ ಹೇಗೆ? 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲೂಕೇ ಆಗಿತ್ತು. ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು. ಇಂದು ತಾಂಡೂರು ತೆಲಂಗಾಣದ ವಿಕಾರಾಬಾದ್ ಜಿಲ್ಲೆಗೆ ಸೇರಿದೆ. ಆದರೆ ಇಲ್ಲಿನ ಕಾಗ್ನಾ ನದಿಯೇ ಮುಂದೆ ಕಾಗಿಣಾ ಎಂಬ ಹೆಸರಿನಲ್ಲಿ ರಾಷ್ಟ್ರಕೂಟರ ಮಳಖೇಡದ ಪಕ್ಕದಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಚಿಕ್ಕಮ್ಮನ ಮನೆಯಲ್ಲೂ ಹಾಗೆಯೇ: ಒಳಗೆ ಕನ್ನಡ, ಪೇಟೆಯಲ್ಲಿ ತೆಲುಗು, ಅಂಗಡಿಯವರೊಂದಿಗೆ ಉರ್ದು.

ತಾಂಡೂರಿಗೆ ಹೆಸರು ತಂದದ್ದು ಎರಡು ವಸ್ತುಗಳು. ಒಂದು ತೊಗರಿ. 2022ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇನ್ನೊಂದು ಕಲ್ಲು. ನೆಲದಡಿಯಿಂದ ಪದರ ಪದರವಾಗಿ ಏಳುವ ಈ ಸುಣ್ಣಕಲ್ಲಿನ ಹಾಸುಗಳು ನಮ್ಮ ಶಹಾಬಾದ್ ಕಲ್ಲಿನಂತೆಯೇ ಎಷ್ಟೋ ಊರುಗಳ ಮನೆ ಸೇರಿವೆ. ಊರಿನ ಅಂಚಿನಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಸದ್ದು, ಲಾರಿಗಳ ಸಾಲು, ಬಿಳಿ ಧೂಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ಬಗ್ಗಿ ದುಡಿಯುವವರನ್ನು ನೋಡಿದಾಗ, ನಾವು ತುಳಿಯುವ ನೆಲದ ಹಿಂದೆ ಎಷ್ಟು ಜನರ ಬೆನ್ನುನೋವಿದೆ ಎಂದು ಅರಿವಾಯಿತು.

ಚಿಕ್ಕಮ್ಮನ ಮನೆಯ ನೆಲವೂ ಅದೇ ಕಲ್ಲು, ಹೊಳಪು ಹಾಕದೆ ಹಾಗೆಯೇ ಹಾಸಿದ್ದು. ಬೆಳಿಗ್ಗೆ ಅವ್ವ ಗೋಡೆ ಹಿಡಿದು ನಿಂತಾಗ ಚಿಕ್ಕಮ್ಮ ಕೈಚಾಚಿ, "ಅಕ್ಕಾ, ಅವಸರ ಏನಿಲ್ಲ. ಮೊದಲ ಪಾದ ಪೂರಾ ಊರು. ಆಮ್ಯಾಲೆ ಇನ್ನೊಂದು ಹೆಜ್ಜಿ ಇಡು" ಎಂದಳು. ತಂಪು ಕಲ್ಲಿನ ಮೇಲೆ ಬರಿಗಾಲಲ್ಲಿ ಇಬ್ಬರೂ ಪಡಸಾಲೆಯಿಂದ ಹಿತ್ತಲವರೆಗೆ ಹೋಗಿಬಂದರು. ಮರುದಿನ ಮೂರು ಸಲ. ನಾಲ್ಕನೆಯ ದಿನ ಅವ್ವ ಒಬ್ಬಳೇ ಒಲೆಯ ಹತ್ತಿರ ಹೋಗಿ, ಕುರ್ಚಿಯಲ್ಲಿ ಕುಳಿತು, ಮೆಲ್ಲಗೆ ಒಂದು ಜೋಳದ ರೊಟ್ಟಿ ಬಡಿದಳು. ಅಂಚು ಹರಿದಿತ್ತು. ಮೊಮ್ಮಕ್ಕಳು ಅದನ್ನೇ ಹಂಚಿಕೊಂಡು ತೊಗರಿಬೇಳೆಯ ಜೊತೆ ತಿಂದರು.

ನಾವು ಗಮನಿಸಿದ ಇನ್ನೊಂದು ಸಂಗತಿ: ಆ ಮನೆಯಲ್ಲಿ ಅವ್ವನನ್ನು ಯಾರೂ "ಬೇಗ" ಎನ್ನಲಿಲ್ಲ. ಅವಳ ನಡಿಗೆಗೆ ತಕ್ಕಂತೆ ಎಲ್ಲರೂ ನಿಧಾನಿಸಿದರು. ಔಷಧಿ, ವ್ಯಾಯಾಮ ಎಲ್ಲವನ್ನೂ ಕೊಡಿಸಿದ್ದ ನಾವು ಇದೊಂದನ್ನು ಕೊಟ್ಟಿರಲಿಲ್ಲ. ಹಿಂತಿರುಗುವ ಮುನ್ನ ಅವ್ವನ ಬಳಿ ಕುಳಿತು, "ಅವತ್ತು ಹಂಗ ಕೂಗಬಾರದಿತ್ತು" ಎಂದೆವು. ಅವಳು ನಕ್ಕು, "ಈಗ ತಿಳೀತಲ್ಲ, ಸಾಕು" ಎಂದಳು.

ಈಗ ನಮ್ಮ ಮನೆಯಲ್ಲಿ ಹೊರಡುವ ಹೊತ್ತಿಗೆ ಹದಿನೈದು ನಿಮಿಷ ಮೊದಲೇ ತಯಾರಾಗುತ್ತೇವೆ. ಬಚ್ಚಲ ಬಾಗಿಲಲ್ಲಿ ಜಾರದ ಚಾಪೆ ಹಾಕಿದ್ದೇವೆ. ಪೂಜೆಗೆ ಹೋಗುವಾಗ ಅವ್ವ ಮುಂದೆ, ನಾವು ಹಿಂದೆ. ನಿಮ್ಮ ಮನೆಯಲ್ಲೂ ಮೆಲ್ಲಗೆ ನಡೆಯುವ ಹಿರಿಯರಿದ್ದಾರೆಯೇ? ಇಂದು ಸಂಜೆ ಅವರ ಜೊತೆ, ಅವರದೇ ನಡಿಗೆಯಲ್ಲಿ, ನಾಲ್ಕು ಹೆಜ್ಜೆ ನಡೆದು ನೋಡಿ.